ಆರು ವೋಲ್ಟಿನ ಫೋರ್ಡು

ಹೆಡ್‌ಲೈಟಿಗೆ ಆರು ವೋಲ್ಟಿನ ಬಲ್ಬು ಬೇಕು ಅಂದದ್ದಕ್ಕೆ ಅಶೋಕ ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಯವನು ನಕ್ಕುಬಿಟ್ಟ. ಟಾರ್ಚಿಗಾ ಆಂಟಿ, ಎಂದು ಕೇಳಿದ. ಸರಸ್ವತಿಪುರಂನ ಟ್ಯುಟೋರಿಯಲ್‌ನಲ್ಲಿ ಮೂವತ್ತೊಂದು ವರ್ಷ ಫಿಸಿಕ್ಸ್ ಹೇಳಿಕೊಟ್ಟ ಸರ್ವಮಂಗಳಾ ಮೇಡಂ ನಾನು. ಇಂಥವರನ್ನು ಬೆಂಚಿನ ಮೇಲೆ ನಿಲ್ಲಿಸಿ ಅಭ್ಯಾಸವಿದೆ. ಆದರೆ ಅಂಗಡಿ ಅವನದು. ಕಾರಿನದು ಕಣಪ್ಪ, ಐವತ್ತೊಂದನೇ ಇಸವಿಯ ಫೋರ್ಡು ಎಂದೆ. ಅವನು ಇನ್ನೂ ಜೋರಾಗಿ ನಕ್ಕ.

ಆ ಕಾರು ನಮ್ಮಪ್ಪ ಸದಾಶಿವಯ್ಯನವರದು. ಈಗ ನನ್ನ ಹೆಸರಲ್ಲೂ ತಮ್ಮ ಮೃತ್ಯುಂಜಯನ ಹೆಸರಲ್ಲೂ ಇದೆ. ಓಡಿಸುವವಳು ಮಾತ್ರ ನಾನೊಬ್ಬಳೇ. ಹೋದ ತಿಂಗಳು ಸ್ಟಾರ್ಟ್ ಆಗಲಿಲ್ಲವೆಂದು ಕಡಕೊಳದ ಗ್ಯಾರೇಜಿನ ಮಹಾನುಭಾವನೊಬ್ಬ ಈಗಿನ ಕಾರುಗಳ ಹನ್ನೆರಡು ವೋಲ್ಟಿನ ಬ್ಯಾಟರಿಯನ್ನು ಅದಕ್ಕೆ ಸಿಕ್ಕಿಸಿದ. ಎರಡೂ ಹೆಡ್‌ಲೈಟು ಒಂದು ಸಲ ಫಳ್ ಎಂದು ಹೊತ್ತಿ ಸುಟ್ಟುಹೋದವು. ಅದನ್ನು ಕೀಳಿಸಿ, ಹಳೇ ಆರು ವೋಲ್ಟಿನ ಬ್ಯಾಟರಿಯನ್ನೇ ಚಾರ್ಜ್ ಮಾಡಿಸಿ ಹಾಕಿಸಿದೆ. ನೋಂದಣಿ ನವೀಕರಣಕ್ಕೆ ಆರ್‌ಟಿಓ ಕಚೇರಿಯಲ್ಲಿ ಗಾಡಿ ತೋರಿಸಬೇಕಾಗಿದ್ದದ್ದು ಸೋಮವಾರ. ದೀಪ ಉರಿಯದ ಗಾಡಿಯನ್ನು ಅವರು ಪಾಸು ಮಾಡುವುದಿಲ್ಲ.

ಮೃತ್ಯುಂಜಯನಿಗೆ ಅಷ್ಟೇ ಸಾಕಾಗಿತ್ತು. ಇಲವಾಲದ ಹತ್ತಿರ ರೆಸಾರ್ಟ್ ಮಾಡಿರುವ ಅವನ ಗೆಳೆಯ ಚೆಲುವರಾಜು ಬಹಳ ದಿನದಿಂದ ಆ ಕಾರಿನ ಮೇಲೆ ಕಣ್ಣಿಟ್ಟಿದ್ದ. ಅದನ್ನು ಹುಲ್ಲಿನ ನಡುವೆ ನಿಲ್ಲಿಸಿ, ಬಾನೆಟ್ಟಿನೊಳಗೆ ಹೂವಿನ ಗಿಡ ನೆಟ್ಟು, ಬಂದವರು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಲಿ ಎಂದು ಅವನ ಆಸೆ. ಕಾರು ನಿಲ್ಲಿಸಲು ಸಿಮೆಂಟಿನ ಕಟ್ಟೆಯನ್ನೂ ಆಗಲೇ ಕಟ್ಟಿಸಿದ್ದಾನೆಂದು ತಮ್ಮ ಹೇಳಿದಾಗ ನನ್ನ ಮೈ ಉರಿದುಹೋಯಿತು. ಸೋಮವಾರ ಪಾಸಾಗದಿದ್ದರೆ ಅವತ್ತೇ ತೆಗೆದುಕೊಂಡು ಹೋಗಲಿ, ನಾನು ಅಡ್ಡ ಬರುವುದಿಲ್ಲ ಎಂದು ಮಾತು ಕೊಟ್ಟುಬಿಟ್ಟೆ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಆಮೇಲೆ ಬಂದೀತೇ ಎಂದು ಅಮ್ಮ ಹೇಳುತ್ತಿದ್ದಳು. ಅದು ನೆನಪಾದದ್ದು ಮಾತು ಕೊಟ್ಟ ಮೇಲೆ.

ನಾಲ್ಕು ದಿನ ಊರೆಲ್ಲ ಅಲೆದೆ. ಎಲ್ಲರ ಬಾಯಲ್ಲೂ ಒಂದೇ ಮಂತ್ರ, ಹನ್ನೆರಡು ವೋಲ್ಟಿಗೆ ಬದಲಾಯಿಸಿಬಿಡಿ. ಬದಲಾಯಿಸುವುದೆಂದರೆ ಡೈನಮೋ, ಸ್ಟಾರ್ಟರ್, ಹಾರನ್ನು ಎಲ್ಲವನ್ನೂ ಕಿತ್ತುಹಾಕುವುದು. ಆಮೇಲೆ ಉಳಿಯುವುದು ಅಪ್ಪನ ಕಾರಲ್ಲ, ಅದರ ತಗಡು. ಒಬ್ಬ ಮೆಕ್ಯಾನಿಕ್ ನನ್ನ ನರೆತ ತಲೆ ನೋಡಿ, ಮನೆಯಲ್ಲಿ ಗಂಡಸರು ಇದ್ದರೆ ಕಳಿಸಿ ಎಂದ. ಇದ್ದಾನೆ, ಕಾರು ಕೊಟ್ಟುಬಿಡಲು ಹೊರಟಿರುವವನೇ ಅವನು ಎಂದು ಹೇಳಿ ಬಂದೆ.

ಶನಿವಾರ ಬೆಳಿಗ್ಗೆ ಮನೆ ಮುಂದೆ ಹಳೇ ಜಾವಾ ಬೈಕೊಂದು ಸದ್ದು ಮಾಡುತ್ತ ಹೋಯಿತು. ನಾನು ಗೇಟಿನಲ್ಲೇ ಹಣೆ ಚಚ್ಚಿಕೊಂಡೆ. ಆರು ವೋಲ್ಟಿನ ಬೈಕುಗಳನ್ನು ವರ್ಷಗಟ್ಟಲೆ ತಯಾರಿಸಿದ ಊರು ಇದು. ಯಾದವಗಿರಿಯ ಜಾವಾ ಕಾರ್ಖಾನೆ ಮುಚ್ಚಿತು, ಸರಿ. ಅಲ್ಲಿ ದುಡಿದವರು ಎಲ್ಲಿಗೆ ಹೋದಾರು? ಓಡಿಹೋಗಿ ತಿರುವಿನಲ್ಲಿ ಆ ಬೈಕಿನವನನ್ನು ಅಡ್ಡಗಟ್ಟಿ, ರಿಪೇರಿ ಎಲ್ಲಿ ಮಾಡಿಸುತ್ತೀಯ ಎಂದು ಕೇಳಿದೆ. ಬನ್ನಿಮಂಟಪದ ಆರೋಗ್ಯಪ್ಪನವರ ಹತ್ತಿರ ಎಂದ.

ಆರೋಗ್ಯಪ್ಪನವರಿಗೆ ಎಪ್ಪತ್ತು ದಾಟಿದೆ. ಕಾರ್ಖಾನೆಯಲ್ಲಿ ವೈರಿಂಗ್ ಕೆಲಸದಲ್ಲಿದ್ದವರು. ಹತ್ತಿಯಲ್ಲಿ ಸುತ್ತಿದ ಆರು ವೋಲ್ಟಿನ ಬಲ್ಬುಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದರು. ಭಾನುವಾರ ಚರ್ಚಿನ ಪೂಜೆ ಮುಗಿಸಿಕೊಂಡು ಡಬ್ಬಿ ಸಮೇತ ನಮ್ಮ ಮನೆಗೆ ಬಂದರು. ಬೈಕಿನ ಬಲ್ಬು ಕಾರಿನ ಹೋಲ್ಡರಿನಲ್ಲಿ ಕೂರಲಿಲ್ಲ. ಸುಟ್ಟ ಬಲ್ಬುಗಳ ಹಿತ್ತಾಳೆಯ ಬುಡ ಬಿಚ್ಚಿ, ಹೊಸದಕ್ಕೆ ಬೆಸುಗೆ ಹಾಕಿ ಕೂರಿಸಿದರು. ನಾನು ಸ್ವಿಚ್ ಹಾಕಿದೆ.

ಹೊತ್ತಿತು. ದೇವರ ಮನೆಯ ನಂದಾದೀಪದಷ್ಟು.

ಆರು ವೋಲ್ಟ್ ಅಂದರೆ ಇಷ್ಟೇ, ಮೊದಲೂ ಹೀಗೇ ಇತ್ತು ಎಂದು ನಾನೇ ಅವರಿಗೆ ಸಮಾಧಾನ ಹೇಳಿದೆ. ಅವರು ಮಡ್‌ಗಾರ್ಡಿನೊಳಗೆ ಕೈ ತೂರಿಸಿ ಒಂದು ಬೋಲ್ಟು ಬಿಚ್ಚಿ ತೆಗೆದರು. ದೀಪದಿಂದ ಕರೆಂಟು ಕಾರಿನ ಮೈಗೆ ವಾಪಸು ಹೋಗುವುದು ಆ ಬೋಲ್ಟಿನ ಮೂಲಕ. ಅದನ್ನು ಬಿಸಿಲಿಗೆ ಹಿಡಿದು ನೋಡಿದರು.

"ಇದುಕ್ಕೆ ಪೇಂಟ್ ಒಡ್ದೋರು ಯಾರಮ್ಮ?"

"ನಾನೇ."

ನಮ್ಮ ಮನೆಯ ಪದ್ಧತಿ ಅದು. ಬರಿ ಕಬ್ಬಿಣಕ್ಕೆ ವಿಭೂತಿ ಹಚ್ಚಬಾರದು ಎಂದು ಅಪ್ಪ ಆಯುಧ ಪೂಜೆಯ ಹಿಂದಿನ ದಿನ ಕೈಗೆ ಸಿಕ್ಕ ಬೋಲ್ಟನ್ನೆಲ್ಲ ಬಿಚ್ಚಿ, ಕರಿ ಬಣ್ಣ ಹೊಡೆದು, ಒಣಗಿಸಿ ಕೂರಿಸುತ್ತಿದ್ದರು. ಅವರು ಹೋದ ಮೇಲೆ ಇಪ್ಪತ್ತೆರಡು ವರ್ಷ ನಾನೂ ಅದನ್ನೇ ಶ್ರದ್ಧೆಯಿಂದ ಮಾಡಿದೆ. ಬಣ್ಣದ ಮೂಲಕ ಕರೆಂಟು ಹರಿಯುವುದಿಲ್ಲ ಎಂದು ವರ್ಷ ವರ್ಷವೂ ಹುಡುಗರಿಗೆ ಬಾಯಿಪಾಠ ಮಾಡಿಸಿದವಳೂ ನಾನೇ. ಪಾಠ ಟ್ಯುಟೋರಿಯಲ್‌ನಲ್ಲಿ ಉಳಿಯಿತು, ಪೂಜೆ ಮನೆಯಲ್ಲಿ ನಡೆಯಿತು.

"ಆರ್ ವೋಲ್ಟು ಬಡವ ಅಲ್ಲ ಕಣಮ್ಮ," ಎಂದರು ಆರೋಗ್ಯಪ್ಪ. "ನೀವೇ ಅದುರ್ ಬಾಯಿ ಮುಚ್ಬುಟ್ಟಿದ್ರಿ."

ನಾಚಿಕೆಯಿಂದ ಕುಗ್ಗಿಹೋದೆ. ಊರವರು ಅದನ್ನು ಕೈಲಾಗದ ಕಾರು ಎಂದಾಗಲೆಲ್ಲ ಜಗಳಕ್ಕೆ ನಿಂತವಳು ನಾನು. ಒಳಗೊಳಗೆ ನಾನೂ ಹಾಗೇ ನಂಬಿದ್ದೆನಲ್ಲ! ಅವರ ಕೈಯಿಂದ ಉಪ್ಪುಕಾಗದ ಕಿತ್ತುಕೊಂಡು, ಮಧ್ಯಾಹ್ನದ ಊಟ ಬಿಟ್ಟು, ದೀಪದ ದಾರಿಯಲ್ಲಿದ್ದ ಒಂದೊಂದು ಬೋಲ್ಟನ್ನೂ ಉಜ್ಜಿದೆ. ನನ್ನ ಬಣ್ಣ ಉದುರಿತು, ಅದರಡಿಯ ಅಪ್ಪನ ಬಣ್ಣವೂ ಉದುರಿತು. ಮತ್ತೆ ಸ್ವಿಚ್ ಹಾಕಿದಾಗ ಶೆಡ್ಡಿನ ಗೋಡೆ ಹಾಡುಹಗಲಲ್ಲೇ ಬೆಳಗಿತು. ನನಗೆ ಅಳು ಬಂತು. ಆರೋಗ್ಯಪ್ಪನವರ ಎದುರಿಗೇ ಅತ್ತೆ.

ಸೋಮವಾರ ಇನ್‌ಸ್ಪೆಕ್ಟರು ದೀಪ ಹಾಕಿ, ಆರಿಸಿ, ಮತ್ತೆ ಹಾಕಿ ಎಂದರು. ಮೂರು ಸಲ ಹೇಳಿದರು, ಮೂರು ಸಲವೂ ಉರಿಯಿತು. ಕಾರು ಪಾಸಾಯಿತು. ಅಲ್ಲಿಂದ ಮನೆಗೆ ಹೋಗಬಹುದಿತ್ತು. ಆದರೆ ಮೃತ್ಯುಂಜಯ ಅಂದು ಬೆಳಿಗ್ಗೆಯೇ, ಕಾರು ಸಾಗಿಸಲು ಲಾರಿ ಗೊತ್ತು ಮಾಡುವುದಕ್ಕೆ, ಚೆಲುವರಾಜುವಿನ ಹತ್ತಿರ ಹೋಗಿ ಕೂತಿದ್ದ. ನಾನು ಹುಣಸೂರು ರಸ್ತೆ ಹಿಡಿದೆ.

ರೆಸಾರ್ಟಿನ ಗೇಟಿನಲ್ಲಿ ಹೆಡ್‌ಲೈಟು ಹಾಕಿದೆ. ಕಟ್ಟೆಯ ಪಕ್ಕ ಹೂವಿನ ಕುಂಡಗಳನ್ನೂ ತಂದಿಟ್ಟಿದ್ದರು. ಹಾರನ್ನು ಒತ್ತುತ್ತ ಆ ಕಟ್ಟೆಯನ್ನು ಪೂರ್ತಿ ಒಂದು ಸುತ್ತು ಹಾಕಿದೆ. ಕಟ್ಟೆ ಚೆನ್ನಾಗಿದೆ ಕಣಪ್ಪ, ಸಂಜೆ ಕೂತು ಹರಟೆ ಹೊಡೆಯೋಕಾಗುತ್ತೆ ಎಂದು ಚೆಲುವರಾಜುವಿಗೆ ಹೇಳಿ, ತಮ್ಮನ ಎದುರು ನಿಲ್ಲಿಸಿ ಬಾಗಿಲು ತೆಗೆದೆ.

ಅವನು ದೀಪಗಳನ್ನೇ ನೋಡುತ್ತಿದ್ದ. ಅಂಥ ಬೆಳಕನ್ನು ಆ ಕಾರಿನಲ್ಲಿ ಅವನು ಚಿಕ್ಕಂದಿನಲ್ಲೂ ಕಂಡಿರಲಿಲ್ಲ. ಕೊನೆಗೆ ಹತ್ತಿ ಕೂತ. ರಸ್ತೆಗೆ ಬಂದ ಮೇಲೆ ಕೇಳಿದ.

"ಬಿಸಿಲಲ್ಲಿ ಯಾಕಕ್ಕ ಲೈಟು? ಆರ್ಸು."

"ಉರೀಲಿ ಬುಡು," ಎಂದೆ. "ಇಷ್ಟ್ ವರ್ಷ ಮಂಕಾಗಿ ಉರಿದಿದ್ದು ಸಾಕು."

ಸರಸ್ವತಿಪುರಂ ಮುಟ್ಟುವವರೆಗೂ ಆರಿಸಲಿಲ್ಲ.