ಮಾಡಿದವರು ಕೂತ ಮೇಲೆ

ಸಿಸ್ಟರ್ ಜಪಮಾಲಾ ಯಾವುದೇ ಬಾಗಿಲನ್ನು ಮೊದಲು ದಾಟಿದ್ದನ್ನು ನಾನು ಕಂಡಿಲ್ಲ. ರಾಮನಗರದ ನಮ್ಮ ಕಾನ್ವೆಂಟ್ ಶಾಲೆಯ ಸ್ಟಾಫ್ ರೂಮಾಗಲಿ, ಬ್ಯಾಂಕಾಗಲಿ, ಕೂಟಗಲ್ಲಿನ ಬಸ್ಸಾಗಲಿ, ಆಕೆ ಪಕ್ಕಕ್ಕೆ ಸರಿದು, ಕೈ ಚಾಚಿ, ಹಿಂದಿರುವವರೆಲ್ಲ ಹೋಗಲೆಂದು ಕಾಯುತ್ತಿದ್ದರು. ಸನ್ಯಾಸಿನಿಯೊಬ್ಬರನ್ನು ದಾಟಿ ಹೋಗುವುದು ಹೇಗೆಂದು ಹಿಂದಿದ್ದವರೂ ಕಾಯುತ್ತಿದ್ದರು. ಹೀಗೆ ಎರಡು ಮರ್ಯಾದೆಗಳು ಎದುರುಬದುರು ನಿಂತಿರುವಾಗಲೇ ಬಸ್ಸು ಹೊರಟುಹೋದದ್ದೂ ಉಂಟು.

ಕುಳ್ಳಗಿನ ದೇಹ, ಬೂದುಬಣ್ಣದ ಸೀರೆ, ಅದರ ಮೇಲೆ ಬೇಸಿಗೆಯಲ್ಲೂ ಬಿಡದ ಗಂಡಸರ ಸ್ವೆಟರು. ಆ ಸ್ವೆಟರಿನ ಗುಂಡಿಗಳಲ್ಲಿ ಒಂದಕ್ಕೊಂದು ಸಂಬಂಧವಿರಲಿಲ್ಲ; ಶಾಲೆಯ ಅಂಗಳದಲ್ಲಿ ಮಕ್ಕಳು ಉದುರಿಸಿಕೊಂಡ ಗುಂಡಿಗಳೆಲ್ಲ ಕಡೆಗೆ ಅಲ್ಲಿಗೆ ಬಂದು ಸೇರುತ್ತಿದ್ದವು. ನಡಿಗೆಯಂತೂ ಒಲೆಯ ಮೇಲೆ ಹಾಲಿಟ್ಟು ಬಂದವರದು. ಕನಕಪುರದ ಕಡೆಯ ಹಾರೋಬೆಲೆಯ ರೈತರ ಮನೆಯಲ್ಲಿ ಹುಟ್ಟಿದ್ದರಿಂದ ಮಾತು ಹೊಲದ ಬದುವಿನ ಮೇಲಿನದೇ. ಎದುರಿಗೆ ಏನೇ ಬಂದರೂ, ಅದು ಕಾಫಿಯಾಗಲಿ, ಗುಡಿಸಿದ ನೆಲವಾಗಲಿ, ಆಕೆಯ ಮೊದಲ ಪ್ರಶ್ನೆ ಒಂದೇ: “ಇದ್ನ ಮಾಡ್ದೋರ್ಯಾರು?” ಉತ್ತರ ಸಿಕ್ಕಿದ ಮೇಲೆ, ಮಾಡಿದವರನ್ನು ಕರೆದು ಕೂರಿಸಿ, ಆಮೇಲಷ್ಟೇ ಆಕೆ ಲೋಟಕ್ಕೆ ಬಾಯಿ ಇಡುವುದು.

ಶಾಲೆಯಲ್ಲಿ ಆಕೆಯದು ನೀತಿಪಾಠದ ಪೀರಿಯಡ್ಡು. ಸಂವಿಧಾನದ ಪ್ರಸ್ತಾವನೆಯನ್ನು ಮಕ್ಕಳಿಂದ ಒಕ್ಕೊರಲಲ್ಲಿ ಓದಿಸುತ್ತಿದ್ದರು. ಓದು ಮುಗಿದೊಡನೆ, ನಿಮ್ಮ ಯೂನಿಫಾರಂ ಒಗೆದವರು ಯಾರು ಎಂದು ಕೇಳುತ್ತಿದ್ದರು. ಮಿಷಿನ್ನು ಎಂದು ಹುಡುಗರು ಕೂಗುವರು. ಮಿಷಿನ್ನಿಗೆ ಹಾಕಿದ್ದು, ತೆಗೆದದ್ದು, ಒಣಗಿಸಿದ್ದು, ಮಡಚಿದ್ದು ಯಾರೆಂದು ಆಕೆ ಒಂದೊಂದಾಗಿ ಕೆದಕುತ್ತ ಹೋದಂತೆ ಹುಡುಗರ ದನಿ ಇಳಿಯುವುದು. ಸಂಜೆ ಹೋಗಿ ಆ ಕೈಗಳಿಗೆ ಥ್ಯಾಂಕ್ಸ್ ಹೇಳಬೇಕೆಂಬುದೇ ಹೋಂವರ್ಕು. ಮಾರನೆಯ ದಿನ ಹುಡುಗನೊಬ್ಬನ ತಾಯಿ ಗಾಬರಿಯಿಂದ ಗೇಟಿನ ಹತ್ತಿರವೇ ನನ್ನನ್ನು ಹಿಡಿದರು. “ನನ್ ಮಗ ಏನ್ ತಪ್ಪು ಮಾಡವ್ನೆ, ಹೇಳ್ಬುಡಿ ಮಿಸ್. ನಿನ್ನೆಯಿಂದ ಥ್ಯಾಂಕ್ಸ್ ಅಂತಾವ್ನೆ.”

ಇದೇ ಶಾಲೆಯ ಹತ್ತನೇ ತರಗತಿಯಲ್ಲಿ ಕೂಟಗಲ್ ಕಡೆಯ ಶ್ವೇತ ಓದುತ್ತಿದ್ದಳು. ಎಂಟನೆಯದರಲ್ಲಿ ಅವಳ ತಮ್ಮ ಚೈತನ್ಯ. ಅವರದು ರೇಷ್ಮೆ ಸಾಕುವ ಮನೆ. ಹುಳುಗಳು ಕೊನೆಯ ಸಲ ಪೊರೆ ಬಿಟ್ಟು, ಗೂಡು ಕಟ್ಟುವ ಮೊದಲು ಹಗಲೂ ರಾತ್ರಿ ಸೊಪ್ಪು ಮೇಯುವ ವಾರವೊಂದಿರುತ್ತದೆ. ಆ ವಾರ ಬಂದಾಗಲೆಲ್ಲ ಶ್ವೇತಳ ಜಾಗ ಖಾಲಿ. ಚೈತನ್ಯ ಮಾತ್ರ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬರುತ್ತಿದ್ದ. ಸೊಪ್ಪು ಕೊಯ್ಯಲು ಹೋಗುವ ಮೊದಲು ಆ ಅಂಗಿಗೆ ಇಸ್ತ್ರಿ ಹಾಕುತ್ತಿದ್ದವಳು ಶ್ವೇತಳೇ. ಹುಳುವಿನ ಇನ್ನೊಂದು ಬೆಳೆಗೂ ಅವಳು ಮನೆಯಲ್ಲೇ ಉಳಿದರೆ ಹಾಜರಾತಿ ಸಾಲದೆ ಪರೀಕ್ಷೆಗೆ ಕೂರುವಂತಿರಲಿಲ್ಲ. ಅವಳ ತಂದೆ ಕೆಂಪರಾಜು ನಮ್ಮ ಪೋಷಕರ ಸಮಿತಿಯ ಸದಸ್ಯ. ಸಂವಿಧಾನ ದಿನದಂದು ಸ್ತ್ರೀಯರನ್ನು ಗೌರವಿಸುವ ಬಗ್ಗೆ ಮೈಕು ಬಿಸಿಯಾಗುವವರೆಗೆ ಮಾತಾಡಿದ್ದ. ನಾವೆಲ್ಲ ಚಪ್ಪಾಳೆ ತಟ್ಟಿದ್ದೆವು. ಅದೂ ಹುಳ ಮೇಯುವ ವಾರವೇ ಆಗಿತ್ತು.

ಸಿಸ್ಟರುಗಳು ಹೊರಗೆ ಹೋಗುವುದು ಇಬ್ಬಿಬ್ಬರಾಗಿ. ಶ್ವೇತಳ ವಿಷಯ ಮಾತಾಡಲು ಸಿಸ್ಟರ್ ಜಪಮಾಲಾ ಅವಳ ಮನೆಗೆ ಹೊರಟ ಭಾನುವಾರ ಜೊತೆಗೆ ಬೇರೆ ಯಾರೂ ಇಲ್ಲದ್ದರಿಂದ, ಕನ್ನಡ ಪಾಠ ಹೇಳುವ ನನ್ನನ್ನು ಹೊರಡಿಸಿದರು. ಅತಿಥಿಗಳಿಗೆ ಗೌರವವಾಗಲೆಂದು ಕೆಂಪರಾಜು ಬಿಳಿ ಶರ್ಟಿನ ಮೇಲೆ ಧಾರಾಳವಾಗಿ ಸೆಂಟು ಹೊಡೆದುಕೊಂಡು, ಮಗನಿಗೂ ಹೊಡೆದು, ಬಾಗಿಲಲ್ಲಿ ನಿಂತಿದ್ದ. ನೀವು ಮೊದಲು, ನೀವು ಮೊದಲು ಎಂಬುದು ಅಲ್ಲಿಯೂ ಶುರುವಾಯಿತು. ಬಿಸಿಲು ಜೋರಾಗಿತ್ತು, ನಾನೇ ನುಗ್ಗಿದೆ.

ಒಳಗೆ ಚಾಪೆ ಹಾಸಿ, ಮುದ್ದೆ, ನಾಟಿಕೋಳಿ ಸಾರು ಇಟ್ಟಿದ್ದರು. ಸಿಸ್ಟರ್ ತಟ್ಟೆ ನೋಡಿ ತಮ್ಮ ಪ್ರಶ್ನೆ ಕೇಳಿದರು. ಶ್ವೇತಳ ತಾಯಿ ಪ್ರತಿಮಾ ಅಡುಗೆಮನೆಯಿಂದ ಅರ್ಧ ಮುಖ ತೋರಿಸಿದಳು. ಬಂದು ಕೂತರೆ ಮಾತ್ರ ಊಟ ಎಂದರು ಸಿಸ್ಟರ್.

“ಗಂಡಸ್ರು ಉಣ್ದೆ ನಾವ್ ಕೂರಾಕಿಲ್ಲ ಕಣ್ರವ್ವ,” ಎಂದಳು ಅಜ್ಜಿ ಅಂಕಮ್ಮ.

“ನೀವ್ ಉಣ್ದೆ ನಾನೆಂಗುಣ್ಲಿ ಸಿಸ್ಟರಮ್ಮ?” ಎಂದ ಕೆಂಪರಾಜು.

“ಮಾಡ್ದೋರು ಕೂರ್ದೆ ನಾನೂ ಮುಟ್ಟಾಕಿಲ್ಲ,” ಎಂದರು ಸಿಸ್ಟರ್.

ಮೂವರೂ ಹೇಳಿದ್ದು ಗೌರವದಿಂದಲೇ. ಮುದ್ದೆ ಆರಿ ಗಟ್ಟಿಯಾಗತೊಡಗಿತು. ಅಷ್ಟರಲ್ಲಿ ಶ್ವೇತ ಸೊಪ್ಪಿನ ಹೊರೆ ಹೊತ್ತು ಹಿತ್ತಲಲ್ಲಿ ನಿಂತು, ಹುಳುಗಳಿಗೆ ಮೇವಿನ ಹೊತ್ತಾಯಿತೆಂದಳು. ಹೆಂಗಸರಿಬ್ಬರೂ ಹೊರಟರು. ಸಿಸ್ಟರ್ ತಡೆದು, ಇವತ್ತು ಅವರು ಒಸಿ ಕೂರಲಿ, ಸೊಪ್ಪನ್ನು ನೀವು ಹಾಕಿ ಬನ್ನಿ ಎಂದು ಕೆಂಪರಾಜುವಿಗೆ ಹೇಳಿದರು. ಪೋಷಕರ ಸಮಿತಿಯ ಸದಸ್ಯ ಇಲ್ಲವೆನ್ನುವುದು ಹೇಗೆ? ತೋಳು ಮಡಚಿ, ಹುಳುಮನೆಯ ಮುಂದೆ ಕಾಲು ತೊಳೆದ. ಅಂಕಮ್ಮ ಬಾಗಿಲಿಗೆ ಅಡ್ಡ ನಿಂತಳು.

“ನಿಂತ್ಕಳ್ಲಾ. ಮದ್ವೆಗಂಡಂಗೆ ಘಮ್ ಅಂತಿದ್ದೀಯ. ಆ ವಾಸ್ನೆಗೆ ಹುಳ ಮೇವು ಬುಟ್ರೆ?”

ಶಾಲೆಗೆ ರಜೆ ಸಿಕ್ಕ ಹುಡುಗನ ಮುಖವಾಯಿತು ಕೆಂಪರಾಜುವಿನದು. “ನೋಡಿ ಸಿಸ್ಟರಮ್ಮ, ನಾನೇನೋ ರೆಡಿ ಇದ್ದೆ.”

“ಆಯ್ತಪ್ಪ,” ಎಂದರು ಸಿಸ್ಟರ್. “ಸಾರಿಗೆ ಸೆಂಟು ಅಡ್ಡಿ ಇಲ್ವಲ್ಲ. ಅವ್ರು ಬರೋದ್ರಾಗೆ ಬಿಸಿ ಮಾಡಿ. ಅಪ್ಪ ಮಗ ಸೇರ್ಕಂಡು ಬಡ್ಸಿ.”

ಹೆಂಗಸರು ಶ್ವೇತಳೊಡನೆ ಮೇವು ಹಾಕಿ, ಕೈ ತೊಳೆದು ಬಂದಾಗ ಬಡಿಸುವವರು ಸಿದ್ಧರಾಗಿದ್ದರು. ಸೌಟು ಎಲ್ಲಿದೆ ಎಂಬುದೊಂದು ಗೊತ್ತಿರಲಿಲ್ಲ, ಅಷ್ಟೆ. ಅವರು ಏನನ್ನು ಹುಡುಕಿದರೂ ಪ್ರತಿಮಾ ಏಳಲು ಹೋಗುವಳು. ಪಕ್ಕದಲ್ಲಿ ಕೂತ ಸಿಸ್ಟರ್ ಅವಳ ಸೆರಗಿನ ತುದಿಯನ್ನು ತಮ್ಮ ಮೊಣಕಾಲ ಕೆಳಗೆ ಒತ್ತಿ ಹಿಡಿದಿದ್ದರು. ಅಂಕಮ್ಮ ಗೋಡೆಯ ಕಡೆ ತಿರುಗಿ ಕೂತು, ಗಂಡಸರು ಕಣ್ಣಿಗೆ ಬೀಳದಂತೆ ಉಂಡಳು. ಪ್ರತಿಮಾ ಎರಡು ತುತ್ತು ನುಂಗಿ, ತಟ್ಟೆಯನ್ನೇ ನೋಡುತ್ತ ಹೇಳಿದಳು: “ಬಿಸಿಯಾಗಿದ್ರೆ ನನ್ ಸಾರು ಚೆನ್ನಾಗೇ ಐತೆ.”

ಕೆಂಪರಾಜು ಸೌಟು ಹಿಡಿದು ನಿಂತೇ ಇದ್ದ. ಆತ ಹಾಗೆ ನಿಂತಿರುವಾಗಲೇ ಸಿಸ್ಟರ್ ಬಂದ ಕೆಲಸ ಮುಗಿಸಿದರು: ಮುಂದಿನ ಬೆಳೆಯಿಂದ ಶ್ವೇತ ಶಾಲೆಗೆ, ಅವಳ ಪಾಲಿನ ಸೊಪ್ಪು ಅಪ್ಪ ಮಗನಿಗೆ, ಬೆಳಿಗ್ಗೆ ಒಂದಿಷ್ಟು, ಸಂಜೆ ಒಂದಿಷ್ಟು. ಆತ ತಲೆಯಾಡಿಸಿದ.

ಮುಂದಿನ ಬೆಳೆ ಬಂತು. ಹುಳುಗಳು ಮೇಯತೊಡಗಿದ ಬೆಳಿಗ್ಗೆಯೇ ಕೆಂಪರಾಜು ಎದ್ದವನೇ ಮೈತುಂಬ ಸೆಂಟು ಹೊಡೆದುಕೊಂಡನಂತೆ. ಮಾರನೆಯ ದಿನವೂ ಅದೇ. ಮೂರನೆಯ ದಿನ ಸೆಂಟಿನ ಬಾಟಲಿ ಕಾಣಲಿಲ್ಲ. ಅಂಕಮ್ಮ ಅದನ್ನು ರಾಗಿಯ ಡ್ರಮ್ಮಿನ ತಳಕ್ಕೆ ಹೂತು, ತಾನು ಮುಚ್ಚಳದ ಮೇಲೆ ಕೂತು ಎಲೆಯಡಿಕೆ ಜಗಿಯುತ್ತಿದ್ದಳು. ಆ ವಾರ ಚೈತನ್ಯ ಮುದುಡಿದ ಅಂಗಿಯಲ್ಲಿ ಬಂದು ನೀತಿಪಾಠದಲ್ಲಿ ನಿದ್ದೆ ಹೊಡೆದ. ಎಬ್ಬಿಸಲು ಹೋದ ಹುಡುಗನಿಗೆ ಸಿಸ್ಟರ್, ಮಲಗಲಿ, ಅವನು ಪಾಠ ಮಾಡಿ ಬಂದಿದ್ದಾನೆ ಎಂದರು. ಶ್ವೇತಳ ಜಾಗ ಮಾತ್ರ ಒಂದು ದಿನವೂ ಖಾಲಿ ಬೀಳಲಿಲ್ಲ.

ಪರೀಕ್ಷೆಯ ಬೆಳಿಗ್ಗೆ ಅವಳು ಹಾಲ್ ಟಿಕೆಟ್ ಹಿಡಿದು ಬಂದಾಗ ಸಿಸ್ಟರ್ ಶಾಲೆಯ ಗೇಟಿನಲ್ಲಿದ್ದರು. ಎಂದಿನಂತೆ ಪಕ್ಕಕ್ಕೆ ಸರಿದು ಕೈ ಚಾಚಿದರು. ಉಳಿದ ಮಕ್ಕಳು ಸಂಕೋಚದಿಂದ ನಿಂತರು; ಶ್ವೇತ ನಿಲ್ಲಲಿಲ್ಲ, ನೇರ ಒಳಗೆ ನಡೆದಳು. ಆ ಬೇಸಿಗೆಯಲ್ಲಿ ಸಿಸ್ಟರಿಗೆ ಬೇರೆ ಊರಿಗೆ ವರ್ಗವಾಯಿತು.

ಇಂಥವರ ಜೊತೆ ಇರುವುದು ಸುಖದ ಕೆಲಸವಲ್ಲ. ಕಾಫಿ ಆರಿಹೋಗುತ್ತದೆ, ಬಸ್ಸು ತಪ್ಪುತ್ತದೆ, ಯಾವ ಮನೆಯಲ್ಲೂ ನೆಮ್ಮದಿಯಾಗಿ ಒಂದು ತುತ್ತು ಉಣ್ಣುವಂತಿಲ್ಲ. ಆದರೆ ಅವರು ಬಾಗಿಲ ಪಕ್ಕಕ್ಕೆ ಸರಿದಾಗ ತೆರವಾಗುವ ಒಂದಿಷ್ಟು ಜಾಗವಿದೆಯಲ್ಲ, ಅಲ್ಲಿಂದ, ಅಷ್ಟು ಹೊತ್ತೂ ಎಲ್ಲರ ಹಿಂದೆ ಹೊರೆ ಹೊತ್ತು ನಿಂತ ಯಾರೋ ಒಬ್ಬರು ಒಳಗೆ ಬರುತ್ತಾರೆ.