ಮೊದಲ ಕಾಲು ಗಂಟೆ

ಮೂವತ್ತೆಂಟು ವರ್ಷ ಥಿಯೇಟರಿನ ಬಾಗಿಲು ಕಾದ ಮನುಷ್ಯ ಒಂದೇ ಒಂದು ಸಿನಿಮಾದ ಆರಂಭವನ್ನೂ ನೋಡಿಲ್ಲ ಎಂದರೆ ಯಾರು ನಂಬುತ್ತಾರೆ? ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರಲ್ಲ, ಹಾಗೆ. ಎಲ್ಲರೂ ಟಾರ್ಚ್ ತಾತ ಎಂದು ಕರೆಯುತ್ತಿದ್ದ ಆ ಮುದುಕನ ಕೆಲಸವೇ ಅಂಥದು. ಆಟ ಶುರುವಾಗುವಾಗ ಹೊರಗೆ ನಿಂತು ಟಿಕೆಟು ಹರಿಯಬೇಕು. ದೀಪ ಆರಿದ ಮೇಲೆ ತಡವಾಗಿ ಬಂದವರನ್ನು ಸೀಟಿಗೆ ಮುಟ್ಟಿಸಬೇಕು. ಅವರ ಕಾಲಿಗೆ ಬೆಳಕು ಬಿಡುತ್ತ, ತಾನು ಹಿಮ್ಮುಖವಾಗಿ ಮೆಟ್ಟಿಲು ಇಳಿಯುತ್ತಿದ್ದವನಿಗೆ ಸಿನಿಮಾ ಯಾವಾಗಲೂ ಬೆನ್ನ ಹಿಂದೆ. ಕೊನೆಯವನನ್ನು ಕೂರಿಸಿ, ಬಾಗಿಲ ದಪ್ಪ ಪರದೆ ಎಳೆದು, ಮಡಚುವ ಸ್ಟೂಲನ್ನು ಬಿಡಿಸಿ ಕೂತು ತಲೆ ಎತ್ತುವಷ್ಟರಲ್ಲಿ ಕಾಲು ಗಂಟೆ ಕಳೆದಿರುತ್ತಿತ್ತು. ಅಷ್ಟರಲ್ಲಿ ಯಾರೋ ಸತ್ತಿರುತ್ತಿದ್ದರು, ಇಲ್ಲವೇ ಯಾರೋ ಊರು ಬಿಟ್ಟಿರುತ್ತಿದ್ದರು. ಯಾಕೆ, ಏನು ಎಂಬುದನ್ನು ಉಳಿದ ಎರಡು ಗಂಟೆ ಅವನೇ ಊಹಿಸಿಕೊಳ್ಳಬೇಕು.

ಹಾಗೆ ಊಹಿಸಿಕೊಂಡ ಕತೆಗಳಲ್ಲಿ ಒಂದು ಅವನ ಬೆನ್ನು ಬಿಡಲಿಲ್ಲ. ಅದು ಯಾವುದೋ ಪರದೇಶದ ಸಿನಿಮಾ. ಭಾಷೆ ದೇವರಿಗೇ ಪ್ರೀತಿ. ಆದರೂ ಇಪ್ಪತ್ತೈದು ವಾರ ಓಡಿತ್ತು. ತಾತ ಸ್ಟೂಲಿನ ಮೇಲೆ ಕೂತು ನೋಡುವ ಹೊತ್ತಿಗೆ ಅಪ್ಪ, ಅಮ್ಮ, ಎರಡು ಮಕ್ಕಳು ಹಿಮದ ಬೆಟ್ಟ ಹತ್ತುತ್ತಿರುತ್ತಿದ್ದರು. ಜೊತೆಗೊಂದು ಕತ್ತೆ. ಕತ್ತೆಯ ಬೆನ್ನ ಮೇಲೆ ಆಳೆತ್ತರದ ಗಡಿಯಾರ. ತೋಳಗಳು ಅಟ್ಟಿಸಿಕೊಂಡು ಬಂದಾಗ ಗಡಿಯಾರ ಢಣ್ ಎಂದು ಹನ್ನೆರಡು ಬಾರಿಸುವುದು, ತೋಳಗಳು ಬಾಲ ಮುದುರಿ ಓಡುವುದು, ಹೊಳೆಯಲ್ಲಿ ಗಡಿಯಾರವೇ ದೋಣಿಯಾಗುವುದು, ಇದೆಲ್ಲ ಅವನಿಗೆ ಬಾಯಿಪಾಠ. ಕೊನೆಗೆ ಬೆಟ್ಟದಾಚೆಯ ಒಂದು ಮನೆಯ ಗೋಡೆಗೆ ಗಡಿಯಾರ ಒರಗಿಸುತ್ತಾರೆ. ಒಬ್ಬ ಮುದುಕಿ ಅದರ ಟಿಕ್ ಟಿಕ್ ಕೇಳುತ್ತ ಕುರ್ಚಿಯಲ್ಲೇ ನಿದ್ದೆ ಹೋಗುತ್ತಾಳೆ.

ಸರಿ, ಆದರೆ ಗಡಿಯಾರ ಹೊತ್ತದ್ದು ಯಾಕೆ?

ಆಗ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ಆದರೆ ಸಿನಿಮಾ ಹೇಗಿದೆ ಎಂದು ಜನ ಬಂದು ಕೇಳುವುದು ಬಾಗಿಲವನನ್ನು. ಬಾಗಿಲವನೇ ಜನರನ್ನು ಕೇಳಿದರೆ ಮರ್ಯಾದೆ ಏನಾಗಬೇಕು? ಅವನು ಬಾಲ ಹಿಡಿದು ತಲೆ ಹುಡುಕಿದ. ಆ ಮುದುಕಿ ಮಕ್ಕಳ ಅಜ್ಜಿ. ಹುಟ್ಟಿದಾಗಿನಿಂದ ಆ ಗಡಿಯಾರದ ಸದ್ದಿನಲ್ಲೇ ಮಲಗಿದವಳು. ಬೆಟ್ಟದಾಚೆ ಹೋದ ಮೇಲೆ ಕಣ್ಣಿಗೆ ಕಣ್ಣು ಹತ್ತುತ್ತಿಲ್ಲ. 'ನಿದ್ದೆ ಕಳಿಸಿ' ಎಂದು ಕಾಗದ ಬರೆದಳು. ಹೀಗೊಂದು ತಲೆ ಮಾಡಿ ಕತೆಗೆ ಅಂಟಿಸಿ ಮಗಳಿಗೆ ಹೇಳಿದ. ಮಗಳು ದೊಡ್ಡವಳಾಗಿ, ಅವಳ ಮಗಳು ಪುಟ್ಟಿ ಹುಟ್ಟಿದ ಮೇಲೆ ಪುಟ್ಟಿಗೂ ಹೇಳಿದ.

"ನೀನು ಕಣ್ಣಾರೆ ನೋಡಿದ್ದೀಯಾ ತಾತ?"

"ಮತ್ತೆ? ಈ ಎರಡು ಕಣ್ಣು ಇರೋದು ಯಾಕೆ?"

ಅಷ್ಟೇ, ಆ ಒಂದು ಮಾತು. ಅದು ಕಾಲಿಗೆ ಸುತ್ತಿಕೊಂಡದ್ದು ರಜೆಯಲ್ಲಿ ಆ ಸಿನಿಮಾ ಮತ್ತೆ ಬಂದಾಗ. ಭಾನುವಾರ ಬೆಳಗ್ಗೆ ಮೊದಲ ಆಟ. ಅಂಟು ಹಚ್ಚಿ ಪೋಸ್ಟರು ಮೆತ್ತಿದವನು ತಾತನೇ. ಪೋಸ್ಟರು ಒಣಗುವುದರೊಳಗೆ ಪುಟ್ಟಿ ಬೀದಿಯ ಎಂಟು ಮಕ್ಕಳಿಗೆ ಕತೆ ಹೇಳಿ ಮುಗಿಸಿದ್ದಳು. "ಮೊದಲು ಅಜ್ಜಿ ಕಾಗದ ಬರೀತಾಳೆ, ನೋಡ್ತಿರಿ. ನಮ್ಮ ತಾತ ನೂರು ಸಲ ನೋಡಿದ್ದಾನೆ!"

ತಾತ ಮೇಲಿನ ಕೋಣೆಗೆ ಹೋಗಿ ಆಪರೇಟರನನ್ನು ಕೇಳಿದ, "ಮೊದಲನೇ ರೀಲಲ್ಲಿ ಏನಿದೆಯಪ್ಪಾ?"

"ನಂಗೇನು ಗೊತ್ತಣ್ಣ? ಅದು ಓಡ್ತಿರೋವಾಗ ನಾನು ಎರಡನೇದನ್ನ ಏರಿಸ್ತಿರ್ತೀನಿ. ನಾನು ನೋಡೋದು ಬೆಳಕನ್ನ, ಕತೇನಲ್ಲ."

ಗುಡಿಸುವವಳು, "ನಾನು ಬರೋದೇ ಶುಭಂ ಆದ್ಮೇಲೆ" ಎಂದಳು. ಕ್ಯಾಂಟೀನಿನವನಿಗೆ ಗೊತ್ತಿದ್ದದ್ದು ಇಂಟರ್‌ವಲ್ ಒಂದೇ. ಮ್ಯಾನೇಜರಂತೂ, "ಅಷ್ಟು ಹೊತ್ತಿಗೆ ನಾನು ಮನೇಲಿರ್ತೀನಿ ಕಣಯ್ಯಾ" ಎಂದು ನಕ್ಕ. ಇಡೀ ಥಿಯೇಟರಿನಲ್ಲಿ ಆರಂಭ ನೋಡಿದ ನರಪಿಳ್ಳೆ ಇಲ್ಲ!

ಮನೆಯಲ್ಲಿ ಹೆಂಡತಿ ಬಟ್ಟೆ ಮಡಚುತ್ತ ಅವನ ಮುಖ ನೋಡಿದಳು. "ಏನ್ರೀ, ಯಾರೋ ಕುಂಬಳಕಾಯಿ ಕಳ್ಳ ಅಂದ ಹಾಗೆ ಹೆಗಲು ಮುಟ್ಟಿ ನೋಡ್ಕೋತಿದ್ದೀರಿ?"

ಹೇಳಿದ. ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕು ಸುಸ್ತಾದ ಮೇಲೆ, "ಮಗುಗೆ ನೀವೇ ಹೇಳ್ಬಿಡಿ. ಆ ತೆರೆ ಹೇಳೋದಕ್ಕಿಂತ ಮುಂಚೆ" ಎಂದಳು.

ತಾತ ನಾಳೆ ಹೇಳೋಣ ಎಂದುಕೊಂಡ. ನಾಳೆಯೂ ಹಾಗೇ ಅಂದುಕೊಂಡ. ಭಾನುವಾರ ಬಂದೇಬಿಟ್ಟಿತು.

ಒಂಬತ್ತು ಮಕ್ಕಳು ಸಾಲಾಗಿ ನಿಂತಿದ್ದರು, ಎಲ್ಲರಿಗಿಂತ ಮುಂದೆ ಪುಟ್ಟಿ. ತಾತ ಟಿಕೆಟುಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಒಂದೊಂದನ್ನೂ ಗೆರೆ ಮೇಲೇ ಮಡಚಿ, ಉಗುರಿನಿಂದ ತೀಡಿ, ಮೆಲ್ಲಗೆ ಹರಿದ.

"ತಾತ, ಬೇಗ! ಬೆಲ್ ಆಯ್ತು!"

"ಒಳಗೆ ಸೆಕೆ ಪುಟ್ಟೀ. ಮೊದಲು ನೀರು ಕುಡಿದು ಬನ್ನಿ ಎಲ್ಲರೂ."

"ಕುಡಿದಿದ್ದೀವಿ."

"ಆಮೇಲೆ ಬಚ್ಚಲಿಗೆ ಹೋಗ್ಬೇಕು ಅಂತೀರಿ..."

"ಹೋಗಿ ಬಂದಿದ್ದೀವಿ!" ಒಂಬತ್ತೂ ಬಾಯಿ ಒಟ್ಟಿಗೆ ಕೂಗಿದವು.

ಒಳಗೆ ದೀಪ ಆರಿತು, ಎಂಟು ಮಕ್ಕಳು ಒಳಕ್ಕೆ ನುಗ್ಗಿದರು. ತಾತನ ಕೈಯಲ್ಲಿ ಪುಟ್ಟಿಯ ಟಿಕೆಟು ಇನ್ನೂ ಇಡಿಯಾಗಿತ್ತು. ಇನ್ನು ಹಿಂದೆ ಸರಿಯಲು ಜಾಗವಿರಲಿಲ್ಲ. ಅವನು ಮೊಣಕಾಲು ಹಿಡಿದು ಬಗ್ಗಿ, ಅವಳ ಕಿವಿಯ ಹತ್ತಿರ ಹೇಳಿದ, "ಪುಟ್ಟೀ, ನಾನು ಮೊದಲ ಕಾಲು ಗಂಟೆ ನೋಡೇ ಇಲ್ಲಮ್ಮ. ಒಂದು ಸಲಾನೂ ಇಲ್ಲ. ಆ ಕಾಗದ, ಆ ನಿದ್ದೆ, ಎಲ್ಲ ನಾನೇ ಕಟ್ಟಿದ್ದು."

ಪುಟ್ಟಿ ಅವನನ್ನೇ ನೋಡಿದಳು. ತುಟಿ ಒಂದಿಷ್ಟು ಉಬ್ಬಿತು. ಅಳುತ್ತಾಳೆಂದು ತಾತ ಹೆದರಿದ.

"ಯಾಕೆ ನೋಡಿಲ್ಲ?"

"ಇಲ್ಲಿ ನಿಂತಿರ್ತೀನಲ್ಲ."

"ಎಲ್ಲ ಸಿನಿಮಾಕ್ಕೂ?"

"ಹೂಂ. ಎಲ್ಲದಕ್ಕೂ."

ಅವಳು ಸೊಂಟದ ಮೇಲೆ ಕೈಯಿಟ್ಟಳು, ಥೇಟ್ ಅವಳ ಅಜ್ಜಿಯ ಹಾಗೆ. "ಮತ್ತೆ ಇನ್ನೂ ಯಾಕೆ ನಿಂತಿದ್ದೀಯಾ? ಬಾ!"

"ಬಾಗಿಲು ಯಾರು ನೋಡ್ತಾರಮ್ಮ?"

ಪುಟ್ಟಿ ಆಗಲೇ ಕ್ಯಾಂಟೀನಿನ ಕಡೆ ತಿರುಗಿದ್ದಳು. "ಮಾಮಾ, ಇಂಟರ್‌ವಲ್ ತನಕ ನಿಮಗೇನೂ ಕೆಲಸ ಇಲ್ಲ ಅಲ್ವಾ?"

ಟಾರ್ಚು ಕ್ಯಾಂಟೀನಿನವನ ಕೈಗೆ ಹೋಯಿತು. "ಮೆಟ್ಟಿಲಿಗೆ ಬಿಡು, ಮುಖಕ್ಕೆ ಬಿಡಬೇಡ" ಎಂದು ತಾತ ಹೇಳುತ್ತಿರುವಾಗಲೇ ಪುಟ್ಟಿ ಅವನನ್ನು ಒಳಗೆ ಎಳೆದುಕೊಂಡು ಹೋದಳು. ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ ಅವನು ಮೆಟ್ಟಿಲನ್ನು ಮುಮ್ಮುಖವಾಗಿ ಇಳಿದ, ಎರಡು ಕಡೆ ಎಡವಿದ. ಎಷ್ಟೋ ಜನರನ್ನು ಕೂರಿಸಿದ ಸೀಟು, ಅವನು ಕೂತಾಗ ಕುಯ್ ಎಂದಿತು.

ತೆರೆಯ ಮೇಲೆ ಒಂದು ಪುಟ್ಟ ಅಂಗಡಿ. ತುಂಬ ಗಡಿಯಾರಗಳು. ತಾತನಿಗೆ ಗುರುತಿದ್ದ ಆ ಅಪ್ಪ, ಟೋಪಿ ಹಾಕಿಕೊಂಡು ಏನನ್ನೋ ರಿಪೇರಿ ಮಾಡುತ್ತಿದ್ದಾನೆ. ಅದೇ ಮುದುಕಿ ಬಂದು ಆ ಆಳೆತ್ತರದ ಗಡಿಯಾರ ತೋರಿಸಿ ಏನೋ ಕೇಳುತ್ತಾಳೆ. ಅವನು ಕೈಯಾಡಿಸುತ್ತಾನೆ: ನಾಳೆ ಬಾ. ಮರದ ಎಲೆ ಉದುರುತ್ತದೆ, ಮುದುಕಿ ಬರುತ್ತಾಳೆ: ನಾಳೆ ಬಾ. ಹಿಮ ಬೀಳುತ್ತದೆ: ನಾಳೆ. ಕೊನೆಗೊಂದು ದಿನ ಅವನು ಗಡಿಯಾರ ಸರಿಮಾಡಿ ತಾನೇ ಹೊತ್ತುಕೊಂಡು ಹೋದರೆ ಮುದುಕಿಯ ಮನೆ ಖಾಲಿ. ಪಕ್ಕದ ಮನೆಯವನು ಬೆಟ್ಟದ ಕಡೆ ಬೆರಳು ತೋರಿಸುತ್ತಾನೆ. ಗಡಿಯಾರದವನು ಟೋಪಿ ತೆಗೆದು ಎದೆಗೊತ್ತಿಕೊಳ್ಳುತ್ತಾನೆ.

ಭಾಷೆ ಬೇಕಿರಲಿಲ್ಲ. 'ನಾಳೆ, ನಾಳೆ' ಎಂದವನ ಮುಖ ಹೇಗಿರುತ್ತದೆಂದು ಈ ವಾರವಿಡೀ ತಾತ ಕನ್ನಡಿಯಲ್ಲಿ ನೋಡಿದ್ದ. "ಅಯ್ಯೋ ನನ್ನಪ್ಪಾ" ಎಂದು ಜೋರಾಗಿ ನಕ್ಕುಬಿಟ್ಟ.

ಹಿಂದಿನ ಸೀಟಿನಿಂದ ಅವರ ಬೀದಿಯ ಹಲ್ಲುಬಿದ್ದ ಹುಡುಗಿ ತಲೆ ತೂರಿಸಿದಳು. "ಪುಟ್ಟೀ, ಕಾಗದವೇ ಇಲ್ಲ! ನಿಮ್ಮ ತಾತ ಸುಳ್ಳು ಹೇಳಿದ್ದಾರೆ!"

"ಶ್! ನಮ್ಮ ತಾತ ಮೊದಲನೇ ಸಲ ನೋಡ್ತಿದ್ದಾನೆ, ಮಾತಾಡಬೇಡ" ಎಂದಳು ಪುಟ್ಟಿ. ಆದರೆ ಅವಳು ನೋಡುತ್ತಿದ್ದದ್ದು ತೆರೆಯನ್ನಲ್ಲ, ತಾತನ ಮುಖವನ್ನು. ಅಷ್ಟರಲ್ಲಿ ಟಾರ್ಚಿನ ಬೆಳಕು ಛಾವಣಿಗೆ, ಗೋಡೆಗೆ, ಜನರ ಕಣ್ಣಿಗೆಲ್ಲ ಬಿತ್ತು; ತಡವಾಗಿ ಬಂದ ದಂಪತಿಯನ್ನು ಕ್ಯಾಂಟೀನಿನವನು ಯಾರದೋ ತೊಡೆಯ ಮೇಲೆ ಕೂರಿಸಲು ಹೊರಟಿದ್ದ. ತಾತ ಅಭ್ಯಾಸಬಲದಿಂದ ಅರ್ಧ ಎದ್ದ. ಪುಟ್ಟಿ ಅಂಗಿ ಹಿಡಿದು ಕೂರಿಸಿದಳು.

ಕೊನೆಯಲ್ಲಿ ಮುದುಕಿ ಟಿಕ್ ಟಿಕ್ ಕೇಳುತ್ತ ಕುರ್ಚಿಯಲ್ಲಿ ನಿದ್ದೆ ಹೋದಾಗ ಪುಟ್ಟಿ ಹಿಂದೆ ತಿರುಗಿ ಹಲ್ಲುಬಿದ್ದವಳಿಗೆ ಹೇಳಿದಳು, "ನೋಡಿದ್ಯಾ? ನಿದ್ದೆ ಬರ್ತಿರಲಿಲ್ಲ ಅನ್ನೋದು ನಿಜ ತಾನೆ?" ಹಲ್ಲುಬಿದ್ದವಳು ಯೋಚಿಸಿ, "ಅದು ಹೌದು" ಎಂದು ಒಪ್ಪಿಕೊಂಡಳು.

ಹೊರಗೆ ಕ್ಯಾಂಟೀನಿನವನು ಟಾರ್ಚು ವಾಪಸು ಕೊಟ್ಟು ಹಣೆ ಒರೆಸಿಕೊಂಡ. "ಸಾಕಪ್ಪಾ ಸಾಕು, ಇದಕ್ಕಿಂತ ನನ್ನ ಟೀ ಕೆಟಲೇ ವಾಸಿ. ನಡುವೆ ಇಣುಕಿ ನೋಡಿದೆ, ಒಳ್ಳೇ ಸಿನಿಮಾ. ಆದ್ರೆ ಪುಟ್ಟೀ, ಆ ಪುಣ್ಯಾತ್ಮರು ಗಡಿಯಾರ ಯಾಕೆ ಹೊತ್ಕೊಂಡು ಹೋದ್ರು? ಮೊದಲಿಗೆ ಏನಾಯ್ತು?"

ಪುಟ್ಟಿ ತಾತನನ್ನು ನೋಡಿದಳು. ತಾತ ಮುಂದಿನ ಆಟಕ್ಕೆ ಬಾಗಿಲ ಪರದೆ ಸರಿಮಾಡುವವನಂತೆ ಆ ಕಡೆ ತಿರುಗಿದ.

"ಒಬ್ಬಳು ಅಜ್ಜಿ ಇದ್ದಳು ಮಾಮಾ," ಪುಟ್ಟಿ ಸ್ಟೂಲನ್ನು ಬಿಡಿಸಿ ಅದರ ಮೇಲೆ ಕೂತಳು. "ಅವಳಿಗೆ ನಿದ್ದೇನೇ ಬರ್ತಿರಲಿಲ್ಲ. ಒಂದಿನ ಒಂದು ಕಾಗದ ಬರೆದಳು..."