ಮಾತಾಡೋಕೂ ಒಂದು ಕೋರ್ಸಾ?

ಆ ಮನೆಯಲ್ಲಿ ಬೆಳಗಾಗುತ್ತಿದ್ದದ್ದೇ ಮೊಮ್ಮಗಳ ಮಾತಿನಿಂದ. ಹಲ್ಲುಜ್ಜುವಾಗ ಮಾತ್ರ ಸ್ವಲ್ಪ ಬಿಡುವು. ಬಾಯಿ ಮುಕ್ಕಳಿಸಿದ್ದೇ ತಡ, ನಿನ್ನೆ ಬಸ್ಸಿನಲ್ಲಿ ಯಾರು ಯಾರ ಕಾಲು ತುಳಿದರು, ಎದುರುಮನೆ ಬೆಕ್ಕು ಯಾರ ಮನೆಗೆ ನುಗ್ಗಿತು, ಎಲ್ಲ ಶುರು. ಬೀದಿಯವರು ಅವಳಿಗೆ ‘ರೇಡಿಯೋ’ ಎಂದೇ ಹೆಸರಿಟ್ಟಿದ್ದರು. ಕಿವಿ ತೂತಾಯಿತು ಎಂದು ಬೈಯುತ್ತಿದ್ದವಳೂ ಅಜ್ಜಿಯೇ, ಒಂದು ದಿನ ಅವಳು ಮನೆಯಲ್ಲಿಲ್ಲದಿದ್ದರೆ ಎಲ್ಲ ಬಿಕೋ ಅನ್ನುತ್ತದೆ ಎಂದು ಗೊಣಗುತ್ತಿದ್ದವಳೂ ಅಜ್ಜಿಯೇ.

ಈ ರೇಡಿಯೋ ಶಾಲೆ ಮುಗಿಸಿ, ಪ್ರವಾಸೋದ್ಯಮ ತರಬೇತಿ ಕೇಂದ್ರದಲ್ಲಿ ಗೈಡ್ ಕೋರ್ಸಿಗೆ ಸೇರಿಕೊಂಡಳು. ಸೇರಿ ಇನ್ನೂ ಸ್ವಲ್ಪ ದಿನವಾಗಿತ್ತಷ್ಟೇ, ಬಟ್ಟೆ ಅಂಗಡಿಯವನು ಹೇಳಿ ಕಳಿಸಿದ: “ಹುಡುಗಿ ಚುರುಕಾಗಿದ್ದಾಳೆ, ಸೋಮವಾರದಿಂದ ಅಂಗಡಿ ಕೆಲಸಕ್ಕೆ ಬರಲಿ.”

ಅಜ್ಜಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. “ಬಿಡಿಸು ಆ ಕೋರ್ಸು,” ಎಂದು ಸೊಸೆಗೆ ಅಪ್ಪಣೆ ಮಾಡಿದಳು. “ಮಾತಾಡೋಕೂ ಒಂದು ಕೋರ್ಸಾ? ಹುಟ್ಟಿದಾಗಿಂದ ಅದನ್ನೇ ತಾನೇ ಅವಳು ಮಾಡ್ತಿರೋದು!”

“ಅವಳಿಗೆ ತುಂಬಾ ಇಷ್ಟ, ಅತ್ತೆ...” ಎಂದು ಸೊಸೆ ರಾಗ ಎಳೆದಳು. ಆದರೆ ಆ ಮನೆಯಲ್ಲಿ ಅಜ್ಜಿ ಹಾಕಿದ ಗೆರೆಯನ್ನು ಯಾರೂ ದಾಟುತ್ತಿರಲಿಲ್ಲ. ಆ ದಿನ ಊಟಕ್ಕೆ ಕೂತ ಮೊಮ್ಮಗಳು ತುಟಿ ಪಿಟಕ್ಕೆನ್ನಲಿಲ್ಲ. ಅಜ್ಜಿ ಅವಳ ಅನ್ನಕ್ಕೆ ಇನ್ನೊಂದು ಚಮಚ ತುಪ್ಪ ಹಾಕಿದಳು.

ಸುದ್ದಿ ಕೇಳಿ ಪಕ್ಕದ ಮನೆಯ ಹೋಟೆಲಕ್ಕ ಬಂದಳು. ಅವಳೂ ಅದೇ ಕೇಂದ್ರದಲ್ಲಿ ಕಲಿತವಳು. ಈಗ ದೊಡ್ಡ ಹೋಟೆಲೊಂದರಲ್ಲಿ ಕೊಠಡಿಗಳ ಉಸ್ತುವಾರಿ ಅವಳದೇ.

“ಅಜ್ಜಿ, ಹಾಸಿಗೆ ಹಾಸೋದು ಕಲಿಯೋಕೆ ಯಾರಾದ್ರೂ ಶಾಲೆಗೆ ಹೋಗ್ತಾರಾ ಅಂತ ನನ್ನನ್ನೂ ಕೇಳಿದ್ರಿ, ನೆನಪಿದೆಯಾ?”

“ಈಗಲೂ ಕೇಳ್ತೀನಿ.”

“ಈಗ ಹಾಸಿಗೆ ಹಾಸೋರಿಗೆಲ್ಲ ನಾನೇ ಮೇಲ್ವಿಚಾರಕಿ.”

“ಅದು ನಿನ್ನ ಅದೃಷ್ಟ ಕಣೇ.”

“ಅದೃಷ್ಟ ಅಲ್ಲ ಅಜ್ಜಿ, ಕಲಿತಿದ್ದು. ಗೈಡ್ ಆಗೋಕೆ ಬರೀ ಬಾಯಿದ್ರೆ ಸಾಲದು. ಬಿಸಿಲಿಗೆ ಯಾರಾದ್ರೂ ತಲೆ ಸುತ್ತಿ ಬಿದ್ರೆ ಏನು ಮಾಡ್ಬೇಕು, ಬೇರೆ ಭಾಷೆಯವರ ಹತ್ರ ಹೇಗೆ ಮಾತಾಡ್ಬೇಕು, ಗುಂಪಿನಲ್ಲಿ ಮಗು ತಪ್ಪಿಸಿಕೊಳ್ಳದ ಹಾಗೆ ಹೇಗೆ ನೋಡ್ಕೋಬೇಕು, ಎಲ್ಲಾ ಹೇಳ್ಕೊಡ್ತಾರೆ. ಭಾನುವಾರ ಇವಳು ಜನಕ್ಕೆ ಕೋಟೆ ತೋರಿಸೋ ಅಭ್ಯಾಸ ಇದೆ. ನೀವೇ ಬಂದು ನೋಡಿ. ಆಮೇಲೆ ಬೇಕಾದ್ರೆ ಬಿಡಿಸಿ.”

“ಬರ್ತೀನಿ. ವಾಪಸ್ ಬರೋವಾಗ ದಾರೀಲೇ ಬಟ್ಟೆ ಅಂಗಡಿಯವನಿಗೆ ಮಾತು ಕೊಟ್ಟು ಬರ್ತೀನಿ,” ಎಂದಳು ಅಜ್ಜಿ. ಅವಳೇನು ಅಷ್ಟು ಸುಲಭಕ್ಕೆ ಬಗ್ಗುವವಳಲ್ಲ.

ಭಾನುವಾರ ಕೋಟೆಗುಡ್ಡದ ಬುಡದಲ್ಲಿ ಪ್ರವಾಸಿಗಳ ಗುಂಪು ಸೇರಿತ್ತು. ರೇಡಿಯೋ ಮುಂದೆ, ಮಿಕ್ಕವರು ಅವಳ ಹಿಂದೆ. ಮೊದಲ ತಿರುವು ಬರುವಷ್ಟರಲ್ಲೇ ಅಜ್ಜಿ ಎಲ್ಲರಿಗಿಂತ ಹಿಂದೆ ಬಿದ್ದಳು. ಅದು ಅವಳಿಗೆ ಹೊಸದೇನಲ್ಲ. ಮದುವೆಯಾದ ಹೊಸದರಲ್ಲಿ ಗಂಡ ಬಿರಬಿರನೆ ಮುಂದೆ ನಡೆದುಬಿಡುತ್ತಿದ್ದ, ಆಮೇಲೆ ಮಕ್ಕಳು ಓಡುತ್ತಿದ್ದರು, ಈಗ ಮಂಡಿ ಕೈಕೊಟ್ಟಿತ್ತು. ಎಲ್ಲಿಗೇ ಹೋದರೂ ಇವಳು ಏದುಸಿರು ಬಿಡುತ್ತಾ ತಲುಪುವ ಹೊತ್ತಿಗೆ, “ನೋಡಿದ್ದಾಯ್ತು, ನಡಿ,” ಅನ್ನುವ ಮಾತು ಸಿದ್ಧವಾಗಿರುತ್ತಿತ್ತು. ಅದು ನೋವಿನ ಸಂಗತಿ ಎಂದು ಯಾರಿಗೂ ಹೊಳೆದಿರಲಿಲ್ಲ, ಅಜ್ಜಿಯೂ ಹೇಳಿಕೊಂಡಿರಲಿಲ್ಲ.

ಮೇಲಿನಿಂದ ಮೊಮ್ಮಗಳ ದನಿಯೇ ಕೇಳಿಸಲಿಲ್ಲ. ಅಯ್ಯೋ, ಜನರನ್ನು ಕಂಡು ಹೆದರಿ ಹುಡುಗಿ ಮಾತೇ ಮರೆತಳೋ ಏನೋ! ಅಜ್ಜಿ ಜೊತೆಗೆ ಬಂದಿದ್ದ ಹೋಟೆಲಕ್ಕನ ಕೈ ಹಿಡಿದು ದಡಬಡನೆ ಹತ್ತಿದಳು.

ಕೋಟೆ ಬಾಗಿಲ ಮುಂದೆ ಎಲ್ಲರೂ ನಿಂತಿದ್ದರು. ರೇಡಿಯೋ ಬಿಸಿಲಿಗೆ ಮುಖ ಕೊಟ್ಟು, ಕಣ್ಣು ಕಿರಿದು ಮಾಡಿಕೊಂಡು, ಬಾಯಿ ಮುಚ್ಚಿ ನಿಂತಿದ್ದಳು.

“ಯಾಕೇ, ಮರೆತುಹೋಯ್ತಾ? ಎಲ್ಲರೂ ಕಾಯ್ತಿದ್ದಾರೆ, ಹೇಳೇ!”

“ಮರೆತಿಲ್ಲ ಅಜ್ಜಿ, ನಿನಗೇ ಕಾಯ್ತಿದ್ದೆ,” ಎಂದು ಮೊಮ್ಮಗಳು ನಕ್ಕಳು. “ಕೊನೆಯವರು ಬಂದು ಸುಧಾರಿಸಿಕೊಳ್ಳೋವರೆಗೂ ಗೈಡ್ ಬಾಯಿ ತೆಗೀಬಾರ್ದು. ಮೊದಲು ಕಲಿಸಿದ್ದೇ ಅದು.”

“ಅದು ಸರಿ, ಬಿಸಿಲಲ್ಲಿ ಯಾಕೆ ನಿಂತಿದ್ದೀ? ಈ ಕಡೆ ಬಾ.”

“ನಾನು ಆ ಕಡೆ ಬಂದ್ರೆ ಬಿಸಿಲು ಇವರ ಕಣ್ಣಿಗೆ ಹೊಡೆಯುತ್ತೆ. ನೋಡೋಕೆ ಬಂದಿರೋದು ಇವರಲ್ವಾ?”

ಅಜ್ಜಿಯನ್ನು ನೆರಳಿನ ಕಲ್ಲಿನ ಮೇಲೆ ಕೂರಿಸಿ, ನೀರು ಕೊಟ್ಟು, ಆಮೇಲೆ ಅವಳು ಶುರು ಮಾಡಿದಳು. ದೊಡ್ಡ ಬಾಗಿಲಿನ ಒಳಗೊಂದು ಪುಟ್ಟ ಬಾಗಿಲು ಏಕಿದೆ, ಒಳಗೆ ಬರುವವರು ತಲೆ ಬಗ್ಗಿಸಿಯೇ ಬರಲಿ ಎಂದು ಹೇಗೆ ಉಪಾಯ ಮಾಡಿದ್ದರು ಎಂದು ಹೇಳಿದಳು. ಒಂದು ಮಾತು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಇಷ್ಟು ವರ್ಷ ಅದೇ ಗುಡ್ಡದ ಕೆಳಗೆ ಬದುಕಿದ್ದ ಅಜ್ಜಿಗೆ ಇದು ಗೊತ್ತೇ ಇರಲಿಲ್ಲ.

“ಹಾಗಾದ್ರೆ ರಾಜನೂ ತಲೆ ಬಗ್ಗಿಸ್ತಿದ್ನಾ?” ಎಂದು ಕೇಳಿಯೇ ಬಿಟ್ಟಳು.

“ಅವನಿಗೆ ದೊಡ್ಡ ಬಾಗಿಲು ತೆಗೀತಿದ್ರು ಅಜ್ಜಿ. ಅವನ ಹೆಂಡತಿ ಮುಂದೆ ಏನು ಮಾಡ್ತಿದ್ನೋ, ಅದು ಇತಿಹಾಸದಲ್ಲಿ ಇಲ್ಲ.”

ಎಲ್ಲರೂ ಗೊಳ್ಳೆಂದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅಜ್ಜಿ. ಅಲ್ಲಿಂದ ಮುಂದೆ ಕೊಳದ ಹತ್ತಿರವೂ, ಬುರುಜಿನ ಮೇಲೂ ಅವಳು ಬಂದು ಕೂತ ಮೇಲೆಯೇ ಕಥೆ ಶುರುವಾಯಿತು. ಅಜ್ಜಿಯ ಕಣ್ಣು ತುಂಬಿ ಬಂತು. ಸಂತೋಷಕ್ಕೆ, ಬೇರೇನಕ್ಕೂ ಅಲ್ಲ.

ಇಳಿದು ಬರುವಾಗ ಅಜ್ಜಿ ನೇರ ಬಟ್ಟೆ ಅಂಗಡಿಯ ಮುಂದೆ ನಿಂತಳು. ಮೊಮ್ಮಗಳ ಮುಖ ಬಾಡಿತು.

“ಏನಜ್ಜಿ, ನಾಳೆಯಿಂದ ಬರ್ತಾಳಾ?” ಎಂದ ಅಂಗಡಿಯವನು.

“ಇಲ್ಲಪ್ಪ, ಅವಳು ಓದ್ತಿದ್ದಾಳೆ. ನೀನೇ ಒಂದ್ಸಲ ಕೋಟೆಗೆ ಬಾ. ಆತುರ ಬೇಡ, ನಿಧಾನಕ್ಕೆ ಹತ್ತು. ನನ್ನ ಮೊಮ್ಮಗಳು ಕಾಯ್ತಾಳೆ.”

ಈಗ ನಿಮ್ಮ ಮನೆಯ ವಿಷಯಕ್ಕೆ ಬರೋಣ. ನಿಮ್ಮಲ್ಲೂ ಜನರ ಜೊತೆ ಬೆರೆಯುವ, ಸುತ್ತಾಡಲು ಇಷ್ಟಪಡುವ, ನೀರು ಕಂಡರೆ ಈಜಲು ಇಳಿಯುವ ಮಕ್ಕಳಿರಬಹುದು. ಪ್ರವಾಸಿ ಗೈಡ್, ಹೋಟೆಲಿನ ಸ್ವಾಗತ, ಅಡುಗೆಮನೆ, ದೋಣಿವಿಹಾರ, ಚಾರಣ, ಈಜುಕೊಳದಲ್ಲಿ ಜೀವರಕ್ಷಣೆ, ಇವೆಲ್ಲ ಕಲಿತು ಮಾಡುವ ಮರ್ಯಾದೆಯ ಕೆಲಸಗಳು. ಹತ್ತಿರದ ತರಬೇತಿ ಕೇಂದ್ರಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ. ಸರ್ಕಾರದ ಮಾನ್ಯತೆ ಇದೆಯೇ, ಕೆಲಸದ ಜಾಗದಲ್ಲೇ ಅಭ್ಯಾಸ ಮಾಡಿಸುತ್ತಾರೆಯೇ, ಇಲ್ಲಿ ಕಲಿತವರು ಈಗ ಎಲ್ಲೆಲ್ಲಿದ್ದಾರೆ ಎಂದು ಸಂಕೋಚ ಬಿಟ್ಟು ಕೇಳಿ. ಬೇಡ ಅನ್ನುವ ಮೊದಲು, ನಿಮ್ಮ ಮಗಳು ಅಥವಾ ಮಗ ಕೆಲಸ ಮಾಡುವುದನ್ನು ಒಮ್ಮೆ ಕಣ್ಣಾರೆ ನೋಡಿ ಬನ್ನಿ.